ನೀರು ಬಿದ್ದ ಟಿವಿ, ಮೊಬೈಲ್, ಲ್ಯಾಪ್‌ಟಾಪ್: ಸ್ವಿಚ್ ಹಾಕುವ ಮೊದಲು

ಆಯುಧಪೂಜೆ ಮುಗಿದ ವಾರ ಸಾಗರದ ನನ್ನ ರಿಪೇರಿ ಅಂಗಡಿಗೆ ಬರುವ ಟಿವಿಗಳ ಕಾಯಿಲೆ ಹೆಚ್ಚಾಗಿ ಒಂದೇ. ಧ್ವನಿ ಸರಿಯಾಗಿರುತ್ತದೆ, ಚಿತ್ರವೂ ಇರುತ್ತದೆ, ಆದರೆ ಪರದೆಯ ಮೇಲಿನಿಂದ ಕೆಳಗಿನವರೆಗೆ ನಾಲ್ಕಾರು ಗೆರೆಗಳು ಎದ್ದಿರುತ್ತವೆ. ಕೆಲವದರಲ್ಲಿ ಅಂಗೈ ಅಗಲದ ಪಟ್ಟಿಯೇ ಕಪ್ಪಾಗಿರುತ್ತದೆ. "ಏನೂ ಮಾಡಿಲ್ಲ, ಹಬ್ಬಕ್ಕೆಂದು ಒರೆಸಿದೆವು, ಕುಂಕುಮ ಇಟ್ಟೆವು, ಅಷ್ಟೇ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಒರೆಸಿದ್ದರಿಂದಲೇ ಹಾಗಾಗಿದೆ.

ಒದ್ದೆ ಬಟ್ಟೆಯಿಂದಲೋ ಪರದೆಗೇ ಸಿಂಪಡಿಸಿದ ದ್ರಾವಣದಿಂದಲೋ ಇಳಿದ ಎರಡು ಹನಿ ಗಾಜಿನ ಮೇಲೆ ಜಾರಿ ಕೆಳಗಿನ ಚೌಕಟ್ಟಿನ ಸಂದಿಯನ್ನು ಸೇರುತ್ತದೆ. ಪರದೆಗೆ ಚಿತ್ರದ ಸಂಕೇತವನ್ನು ತಲುಪಿಸುವ ತೆಳು ಪ್ಲಾಸ್ಟಿಕ್ ಪಟ್ಟಿಗಳು ಬಹಳಷ್ಟು ಎಲ್‌ಇಡಿ ಟಿವಿಗಳಲ್ಲಿ ಇರುವುದು ಅಲ್ಲಿಯೇ. ಪ್ರತಿ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ ಇದೆ. ಅದರಿಂದ ಹೊರಟ ನೂರಾರು ಸಪೂರ ಗೆರೆಗಳು ಗಾಜಿನ ಅಂಚಿಗೆ ವಿದ್ಯುತ್ ಹರಿಸುವ ವಿಶೇಷ ಅಂಟಿನಿಂದ ಕೂಡಿಕೊಂಡಿವೆ. ಟಿವಿ ಉರಿಯುತ್ತಿರುವಾಗ ಅಕ್ಕಪಕ್ಕದ ಗೆರೆಗಳ ನಡುವೆ ಒಂದು ಹನಿ ನಿಂತರೆ ಆ ಚಿಪ್ ಹೋಗುತ್ತದೆ, ಇಲ್ಲವೇ ಗೆರೆಗಳೇ ಕರಗಿ ಹೋಗುತ್ತವೆ. ಇದು ಬೆಸುಗೆಯ ಜೋಡಣೆಯಲ್ಲ, ಸಾಲ್ಡರಿಂಗ್ ಕಡ್ಡಿ ಹಿಡಿದು ಸರಿಪಡಿಸಲು ಬರುವುದಿಲ್ಲ. ಪಟ್ಟಿಯನ್ನು ಮತ್ತೆ ಅಂಟಿಸುವ ಯಂತ್ರ ದೊಡ್ಡ ಊರುಗಳ ಕೆಲವು ಅಂಗಡಿಗಳಲ್ಲಿ ಮಾತ್ರ ಇದೆ. ಪರದೆಯ ಇಡೀ ಪ್ಯಾನೆಲ್ ಬದಲಿಸಲು ಹೊರಟರೆ ಖರ್ಚು ಹೊಸ ಟಿವಿಯ ಬೆಲೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಎರಡು ಹನಿಗೆ ಒಂದು ಟಿವಿ ಹೋಯಿತು ಎಂದು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಒರೆಸಿದ ಮೇಲೆ ಎರಡು ದಿನ ಸ್ವಿಚ್ ಹಾಕದೆ ಬಿಟ್ಟಿದ್ದರೆ ಅವುಗಳಲ್ಲಿ ಎಷ್ಟೋ ಉಳಿಯುತ್ತಿದ್ದವು.

ಈ ಲೇಖನ ಬರೆಯುತ್ತಿರುವುದು ಆ ಕಾರಣಕ್ಕೆ. ನನ್ನ ಮೇಜಿನ ಮೇಲೆ ಬಂದವುಗಳಲ್ಲಿ ನೀರು ಬಿದ್ದ ಕ್ಷಣದಲ್ಲೇ ಸತ್ತವು ಕಡಿಮೆ. ನೀರು ಬಿದ್ದ ಮೇಲೆ "ಆನ್ ಆಗುತ್ತದೆಯೇ ನೋಡೋಣ" ಎಂದು ಗುಂಡಿ ಒತ್ತಿದಾಗ ಸತ್ತವು ಹೆಚ್ಚು.

ಒಳಗೆ ಆಗುವುದೇನು

ಅಪ್ಪಟ ಶುದ್ಧ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಬೀಳುವುದು ಲವಣ ತುಂಬಿದ ಬೋರ್‌ವೆಲ್ ನೀರು, ಸಕ್ಕರೆ ಹಾಕಿದ ಕಾಫಿ, ಉಪ್ಪು ಹಾಕಿದ ಮಜ್ಜಿಗೆ. ಯಂತ್ರದೊಳಗಿನ ಬಿಡಿಭಾಗಗಳನ್ನು ಜೋಡಿಸಿದ ಸರ್ಕ್ಯೂಟ್ ಬೋರ್ಡ್ ಮೇಲೆ ವಿದ್ಯುತ್ ಇರುವಾಗ ಇವು ಬಿದ್ದರೆ ತಾಮ್ರದ ಗೆರೆ ಒಂದು ಕಡೆ ಕರಗಿ ಇನ್ನೊಂದು ಕಡೆ ಬೇರಿನಂತೆ ಬೆಳೆಯುತ್ತದೆ. ಆ ಬೇರು ಪಕ್ಕದ ಗೆರೆಯನ್ನು ಮುಟ್ಟಿದರೆ ಶಾರ್ಟ್. ಹಿತ್ತಾಳೆ ಬಿಂದಿಗೆಗೆ ಹಿಡಿಯುವ ಹಸಿರು ಕಿಲುಬನ್ನು ನೀವು ನೋಡಿದ್ದೀರಿ. ಬೋರ್ಡ್‌ಗೂ ಹಿಡಿಯುವುದು ಅದೇ ಜಾತಿಯ ಕಿಲುಬು. ಬಿಂದಿಗೆಗೆ ಹಿಡಿದದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದು. ಸಾಸಿವೆ ಕಾಳಿಗಿಂತ ಚಿಕ್ಕ ಬಿಡಿಭಾಗದ ಅಡಿಗೆ ಸೇರಿದ್ದನ್ನು ತಿಕ್ಕಲು ಕೈ ಹೋಗುವುದಿಲ್ಲ. ವಿದ್ಯುತ್ ಇಲ್ಲದಿದ್ದರೂ ಕಿಲುಬು ಹಿಡಿಯುತ್ತದೆ, ಆದರೆ ನಿಧಾನವಾಗಿ. ವಿದ್ಯುತ್ ಇದ್ದರೆ ಕೆಲವೇ ಗಂಟೆಗಳು ಸಾಕು. ಬ್ಯಾಟರಿ ಇರುವ ಮೊಬೈಲ್, ಲ್ಯಾಪ್‌ಟಾಪ್‌ಗಳು ಆಫ್ ಆಗಿ ಕಂಡರೂ ಒಳಗೆ ಒಂದಷ್ಟು ಭಾಗದಲ್ಲಿ ವಿದ್ಯುತ್ ಇದ್ದೇ ಇರುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಮೊದಲು ಮನುಷ್ಯರ ಜೀವ

ಗೋಡೆಗೆ ಸಿಕ್ಕಿಸಿದ ಯಾವುದೇ ವಸ್ತುವಿಗೆ ನೀರು ಬಿದ್ದರೆ ಅದನ್ನು ಮುಟ್ಟುವ ಮೊದಲು ಆ ಕೋಣೆಗೆ ವಿದ್ಯುತ್ ಕಡಿಯುವ ಸ್ವಿಚ್, ಅಂದರೆ ಎಂಸಿಬಿ ಇಳಿಸಿ. ಒದ್ದೆ ನೆಲದಲ್ಲಿ ನಿಂತು ಪ್ಲಗ್ ಕೀಳಬೇಡಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, ಅದು ಎರಡನೇ ಅವಕಾಶ ಕೊಡುವುದಿಲ್ಲ. 30 ಮಿಲಿ ಆಂಪಿಯರ್ ಸೋರಿಕೆಗೇ ತಾನಾಗಿ ಬಿದ್ದು ವಿದ್ಯುತ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಮಳೆಗಾಲಕ್ಕೆ ಮೊದಲೇ ಹಾಕಿಸಿ.

ಮನೆಯೊಳಗೇ ನೀರು ನುಗ್ಗಿದ್ದರೆ ಇನ್ನೊಂದು ಅಪಾಯವಿದೆ, ಬಹಳ ಜನ ಅದನ್ನು ಮರೆಯುತ್ತಾರೆ. ಬೀದಿಯ ಕರೆಂಟ್ ಹೋಗಿದೆ ಎಂದು ಧೈರ್ಯವಾಗಿ ನೀರಿಗಿಳಿಯುತ್ತಾರೆ, ಮೂಲೆಯಲ್ಲಿರುವ ಇನ್ವರ್ಟರ್ ಮಾತ್ರ ತನ್ನ ಪಾಡಿಗೆ ಅದೇ 230 ವೋಲ್ಟನ್ನು ಪಾಯಿಂಟ್‌ಗಳಿಗೆ ಕಳಿಸುತ್ತಲೇ ಇರುತ್ತದೆ. ಮೇನ್ ಸ್ವಿಚ್ ಜೊತೆಗೆ ಇನ್ವರ್ಟರ್ ಕೂಡ ಆಫ್ ಆಗಬೇಕು. ಮಾಡಿನ ಮೇಲೆ ಸೌರ ಫಲಕ ಇದ್ದರೆ ಹಗಲು ಹೊತ್ತು ಅದರ ತಂತಿಗಳಲ್ಲೂ ವಿದ್ಯುತ್ ಇರುತ್ತದೆ. ಮೇನ್ ಸ್ವಿಚ್ ತಲುಪಲು ನೀರಿನಲ್ಲೇ ನಡೆಯಬೇಕಾದರೆ ಹೋಗಬೇಡಿ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಕಂಬದಲ್ಲಿ ಕಡಿತ ಮಾಡಿಸಿ.

ಟಿವಿ ಮತ್ತು ಮೈಕ್ರೋವೇವ್ ಓವನ್‌ಗಳ ಹಿಂಬದಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಟಿವಿಯ ಪವರ್ ಬೋರ್ಡಿನಲ್ಲಿ ವಿದ್ಯುತ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ 300ರಿಂದ 400 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಮೈಕ್ರೋವೇವ್‌ನಲ್ಲಿ 2000 ವೋಲ್ಟ್‌ಗೂ ಮೀರಿದ್ದು. ಅದನ್ನು ಬಿಚ್ಚುವಾಗ ನಾನೇ ಎರಡು ಬಾರಿ ಯೋಚಿಸುತ್ತೇನೆ.

ಮೊಬೈಲ್

ಬಚ್ಚಲ ಹಂಡೆಗೆ, ಕೆರೆಗೆ, ಸಾರಿನ ಪಾತ್ರೆಗೆ, ಎಲ್ಲಿಗೇ ಬಿದ್ದಿರಲಿ, ಮೊದಲ ಕೆಲಸ ಆಫ್ ಮಾಡುವುದು. ತಾನಾಗಿಯೇ ಆಫ್ ಆಗಿದ್ದರೆ ಹಾಗೆಯೇ ಬಿಡಿ. ಕವರ್ ತೆಗೆಯಿರಿ, ಸಿಮ್ ಟ್ರೇ ಹೊರಗೆಳೆಯಿರಿ. ಚಾರ್ಜಿಂಗ್ ರಂಧ್ರ ಕೆಳಮುಖವಾಗುವಂತೆ ಹಿಡಿದು ಅಂಗೈ ಮೇಲೆ ಮೆಲ್ಲನೆ ತಟ್ಟಿ. ಜೋರಾಗಿ ಕೊಡವಬೇಡಿ, ಒಂದು ಕಡೆ ಇದ್ದ ನೀರು ಕೊಡವಿದಾಗ ಎಲ್ಲ ಕಡೆ ಹೋಗುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಪ್ಪುನೀರಿಗೋ ಸಾಂಬಾರಿಗೋ ಬಿದ್ದಿದ್ದರೆ ಹೊರಮೈಯನ್ನು ಸಿಹಿನೀರಿನಲ್ಲಿ ತೋಯಿಸಿದ ಬಟ್ಟೆಯಿಂದ ಒಮ್ಮೆ ಒರೆಸಿ, ಆಮೇಲೆ ಒಣಗಿದ ಬಟ್ಟೆಯಿಂದ. ನಂತರ ಅಂಗಡಿಗೆ ತರುವವರೆಗೆ ಫ್ಯಾನ್ ಗಾಳಿ ತಾಗುವ ಕಡೆ ನೆಟ್ಟಗೆ ಒರಗಿಸಿಟ್ಟುಬಿಡಿ.

ಅಕ್ಕಿ ಡಬ್ಬಿಯ ವಿಚಾರ. ಇದನ್ನು ನಂಬಿದವರ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ, ನನ್ನ ತಾಯಿಯೂ ನಂಬಿದ್ದರು. ಆದರೆ ಗಾಳಿಯಲ್ಲಿ ಇಟ್ಟದ್ದಕ್ಕಿಂತ ಹೆಚ್ಚಿನದೇನನ್ನೂ ಅಕ್ಕಿ ಮಾಡುವುದಿಲ್ಲ. ಅದರ ಹುಡಿ ಚಾರ್ಜಿಂಗ್ ರಂಧ್ರದೊಳಗೆ ಹೋಗಿ ತೇವದೊಂದಿಗೆ ಸೇರಿ ಗಂಜಿಯಂತಾಗಿ ಕುಳಿತಿರುವುದನ್ನು ಸೂಜಿಯಿಂದ ಎಬ್ಬಿಸಿ ತೆಗೆದಿದ್ದೇನೆ. 2024ರಲ್ಲಿ ಆಪಲ್ ಕಂಪನಿಯೂ ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ತನ್ನ ಸಲಹೆಗಳಲ್ಲಿ ಸೇರಿಸಿತು. ಅಕ್ಕಿಯ ದೊಡ್ಡ ಹಾನಿ ಬೇರೆಯೇ ಇದೆ. ಎರಡು ದಿನ ಡಬ್ಬಿಯಲ್ಲಿಟ್ಟು ಕಾಯುವಷ್ಟರಲ್ಲಿ ಬೋರ್ಡ್ ಕಿಲುಬು ಹಿಡಿದಿರುತ್ತದೆ. ಮೊದಲ ದಿನವೇ ಬಿಚ್ಚಿ ತೊಳೆದಿದ್ದರೆ ಉಳಿಯಬಹುದಾಗಿದ್ದ ಮೊಬೈಲ್ ಅದು.

ಹೇರ್ ಡ್ರೈಯರ್ ಬೇಡ, ಬಿರುಬಿಸಿಲು ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಚೀಲದಲ್ಲಿ ಹಾಕಿ ತೂಗಿಬಿಟ್ಟವರಿದ್ದಾರೆ, ಅದೂ ಬೇಡ. ಬಿಸಿಗೆ ಪರದೆಯ ಅಂಟು ಸಡಿಲವಾಗುತ್ತದೆ, ಬ್ಯಾಟರಿ ಉಬ್ಬುತ್ತದೆ, ಆವಿಯಾದ ನೀರು ಒಳಗೇ ಇನ್ನೊಂದು ತಣ್ಣನೆಯ ಮೂಲೆಗೆ ಹೋಗಿ ಮತ್ತೆ ಹನಿಯಾಗುತ್ತದೆ.

ಅಂಗಡಿಯಲ್ಲಿ ನಾವು ಮಾಡುವುದು ಇಷ್ಟು: ಬಿಚ್ಚಿ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸುತ್ತೇವೆ, ಬೋರ್ಡನ್ನು ಹೊರತೆಗೆದು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯುತ್ತೇವೆ. ಅದು ನೀರನ್ನು ತನ್ನೊಂದಿಗೆ ಎಳೆದುಕೊಂಡು ಆರಿಹೋಗುತ್ತದೆ. ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ, ಅದು ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಔಷಧಿ ಅಂಗಡಿಯ 70 ಶೇಕಡಾದ್ದರಲ್ಲಿ ಉಳಿದದ್ದು ನೀರೇ.

ಬರಿಯ ಚಾರ್ಜಿಂಗ್ ರಂಧ್ರಕ್ಕೆ ಮಾತ್ರ ನೀರು ಹೋಗಿ ಪರದೆಯ ಮೇಲೆ ತೇವದ ಎಚ್ಚರಿಕೆ ಬಂದರೆ ಗಾಬರಿ ಬೇಡ. ಕನಿಷ್ಠ ಅರ್ಧ ಗಂಟೆ ಗಾಳಿಯಲ್ಲಿಟ್ಟು ನೋಡಿ, ಪೂರ್ತಿ ಆರಲು ಒಂದು ದಿನವೂ ಬೇಕಾಗಬಹುದು. ಹತ್ತಿ ಕಡ್ಡಿ, ಕಾಗದ ತುರುಕಬೇಡಿ.

"ನಮ್ಮದು ವಾಟರ್‌ಪ್ರೂಫ್" ಎನ್ನುವವರಿಗೆ ಒಂದು ಮಾತು. ನೀರು ತಡೆಯುವ ಮಟ್ಟ ಹೇಳುವ ಗುರುತುಗಳಲ್ಲಿ ಐಪಿ67 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ. ಐಪಿ68 ಅದಕ್ಕಿಂತ ಕಠಿಣ, ಆಳವನ್ನು ಕಂಪನಿಯೇ ಹೇಳುತ್ತದೆ. ಎರಡೂ ಹೊಸ ಮೊಬೈಲ್‌ನ ಲೆಕ್ಕ. ಒಮ್ಮೆ ನೆಲಕ್ಕೆ ಬಿದ್ದ, ಒಮ್ಮೆ ಪರದೆ ಬದಲಿಸಿದ, ನಾಲ್ಕು ವರ್ಷ ಹಳೆಯದಾದ ಮೊಬೈಲ್‌ನ ಅಂಚಿನ ಅಂಟು ಅದೇ ಮಾತನ್ನು ಉಳಿಸಿಕೊಳ್ಳುವುದಿಲ್ಲ. ಒಳಗೆ ಅಂಟಿಸಿರುವ ಬಿಳಿ ಚೀಟಿ ನೀರು ತಾಗಿದರೆ ಕೆಂಪಾಗುತ್ತದೆ, ಅದನ್ನು ನೋಡಿದ ಸರ್ವೀಸ್ ಸೆಂಟರ್‌ನವರು ಸಾಮಾನ್ಯವಾಗಿ ವಾರಂಟಿಯನ್ನು ಒಪ್ಪುವುದಿಲ್ಲ.

ಲ್ಯಾಪ್‌ಟಾಪ್

ಇಲ್ಲಿ ಸೆಕೆಂಡುಗಳ ಲೆಕ್ಕ. ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿದಾಗ ತೆರೆದಿಟ್ಟ ಕಡತವನ್ನು ಉಳಿಸಲು ಹೋಗಬೇಡಿ. ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಅದುಮಿ ಹಿಡಿದು ಆಫ್ ಮಾಡಿ. ಹೊರಗಿನಿಂದ ತೆಗೆಯಬಹುದಾದ ಬ್ಯಾಟರಿ ಇದ್ದರೆ ತೆಗೆಯಿರಿ. ಮುಚ್ಚಳವನ್ನು ಪೂರ್ತಿ ತೆರೆದು, ಟವೆಲ್ ಹಾಸಿದ ಮೇಜಿನ ಅಂಚಿಗೆ ಬೋರಲಾಗಿ ಗುಡಾರದ ಹಾಗೆ ನಿಲ್ಲಿಸಿ. ಕೀಬೋರ್ಡ್ ಕೆಳಮುಖವಾಗಿರಬೇಕು, ಹನಿಗಳು ಬಂದ ದಾರಿಯಲ್ಲೇ ಇಳಿಯಬೇಕು. ನೆಟ್ಟಗಿಟ್ಟರೆ ಅವು ಕೀಬೋರ್ಡಿನ ಕೆಳಗಿರುವ ಬೋರ್ಡಿಗೆ ಇಳಿಯುತ್ತವೆ. ಅದೇ ದಿನ ಅಂಗಡಿಗೆ ತನ್ನಿ.

ತಂದಾಗ ನಿಜ ಹೇಳಿ. ಕಾಫಿಯೇ, ನೀರೇ, ಮಗುವಿನ ಹಾಲೇ, ಎಷ್ಟು ಹೊತ್ತಿಗೆ ಬಿತ್ತು, ಆಮೇಲೆ ಆನ್ ಮಾಡಿದಿರಾ. "ತಾನಾಗಿಯೇ ನಿಂತುಹೋಯಿತು" ಎಂದರೆ ನಾವು ಬೇರೆ ಕಡೆ ದೋಷ ಹುಡುಕುತ್ತಾ ನಿಮ್ಮ ಒಂದು ದಿನವನ್ನು ಕಳೆಯುತ್ತೇವೆ. ಸಕ್ಕರೆ, ಹಾಲು ಬಿದ್ದದ್ದು ಒಣಗಿದರೂ ಅಂಟಾಗಿ ಉಳಿದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಒಣಗಿಸಿದ ಮಾತ್ರಕ್ಕೆ ಆ ಬೋರ್ಡ್ ಬದುಕಿತು ಎಂದಲ್ಲ, ತೊಳೆಯಲೇಬೇಕು.

ಒದ್ದೆಯಾದ ಯಂತ್ರ ಮತ್ತೆ ಆನ್ ಆಯಿತು ಎಂದಿಟ್ಟುಕೊಳ್ಳಿ. ಮೊದಲು ಮಾಡಬೇಕಾದ್ದು ಫೋಟೊ, ದಾಖಲೆ ಎಲ್ಲವನ್ನೂ ಬೇರೆ ಕಡೆಗೆ ನಕಲು ಮಾಡುವುದು. ಮೂರು ವಾರ ಚೆನ್ನಾಗಿ ನಡೆದು ನಾಲ್ಕನೆಯ ವಾರ ನಿಂತ ಲ್ಯಾಪ್‌ಟಾಪ್‌ಗಳು ನನ್ನಲ್ಲಿಗೆ ಬಂದಿವೆ. ನಕಲು ಮಾಡುವ ಸಲುವಾಗಿಯೇ ಒದ್ದೆ ಯಂತ್ರವನ್ನು ಆನ್ ಮಾಡುವುದು ಮಾತ್ರ ಬೇಡ.

ಪರದೆಯ ಕಲೆಗಳನ್ನು ಓದುವುದು

ಪರದೆ ನೋಡಿದರೆ ನೀರು ಎಲ್ಲಿ ಕುಳಿತಿದೆ ಎಂದು ಬಹುಮಟ್ಟಿಗೆ ತಿಳಿಯುತ್ತದೆ. ಮೋಡ ಕವಿದಂತೆ, ನೀರು ಬಿದ್ದ ಕಾಗದದಂತೆ ಅಂಚು ಕಾಣುವ ಮಸುಕಾದ ಕಲೆ ಇದ್ದರೆ ನೀರು ಎಲ್‌ಸಿಡಿ ಪರದೆಯ ಹಿಂದಿನ ಹಾಳೆಗಳ ನಡುವೆ ಹೋಗಿದೆ. ಬೆಳಕನ್ನು ಸಮನಾಗಿ ಹರಡಲು ಅಲ್ಲಿ ಮೂರು ನಾಲ್ಕು ತೆಳು ಹಾಳೆಗಳಿವೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಅವು ನೀರನ್ನು ಎಳೆದುಕೊಳ್ಳುತ್ತವೆ. ಇದು ಕೆಲವೊಮ್ಮೆ ವಾರದಲ್ಲಿ ತಾನೇ ಆರುತ್ತದೆ, ಒಂದು ಗುರುತು ಉಳಿಯಬಹುದು. ಟಿವಿಯಾದರೆ ಹಾಳೆಗಳನ್ನು ಬಿಡಿಸಿ ಒರೆಸಿ ಮತ್ತೆ ಜೋಡಿಸುವವರಿದ್ದಾರೆ, ಪ್ಯಾನೆಲ್ ಗಾಜು ಒಡೆಯದಂತೆ ಎತ್ತುವ ಕೈ ಬೇಕು. ನೆಟ್ಟಗಿನ ಗೆರೆಗಳಾದರೆ ಆರಂಭದಲ್ಲಿ ಹೇಳಿದ ಅಂಚಿನ ಪಟ್ಟಿಗಳದ್ದು. ಬೆರಳು ತಾಗಿಸದೆಯೇ ಮೊಬೈಲ್ ತನ್ನಷ್ಟಕ್ಕೆ ಏನೇನೋ ಒತ್ತಿಕೊಳ್ಳುತ್ತಿದ್ದರೆ ಟಚ್ ಪದರದಲ್ಲಿ ತೇವವಿದೆ, ತಕ್ಷಣ ಆಫ್ ಮಾಡಿ.

ಒಎಲ್‌ಇಡಿ ಪರದೆಯ ಕಥೆ ಕಠಿಣ. ಅದರಲ್ಲಿ ಬೆಳಕು ಕೊಡುವ ಸಾವಯವ ವಸ್ತುವಿಗೆ ತೇವವೂ ಆಮ್ಲಜನಕವೂ ವಿಷ, ಅದಕ್ಕಾಗಿಯೇ ಕಾರ್ಖಾನೆಯಲ್ಲಿ ಗಾಳಿಯಾಡದಂತೆ ಮುಚ್ಚಿರುತ್ತಾರೆ. ಅಂಚಿನಲ್ಲಿ ಬಿರುಕು ಬಿಟ್ಟು ತೇವ ಹೊಕ್ಕರೆ ಕಪ್ಪು ಚುಕ್ಕಿ ಕಾಣಿಸಿಕೊಂಡು ದಿನದಿಂದ ದಿನಕ್ಕೆ ಹರಡುತ್ತದೆ. ಒಣಗಿಸಿದರೆ ಮರಳಿ ಬರುವುದಿಲ್ಲ. ಯಾರಾದರೂ ಸರಿಮಾಡಿ ಕೊಡುತ್ತೇನೆ ಎಂದರೆ ಪರದೆ ಬದಲಿಸುತ್ತೇನೆ ಎಂದೇ ಅರ್ಥ.

ಟಿವಿಗೆ ಮುಂದಿನಿಂದ ನೀರು ಬಿದ್ದಿದ್ದರೆ ಪ್ಲಗ್ ತೆಗೆದ ಮೇಲೆ ಅದನ್ನು ಮಲಗಿಸಬೇಡಿ, ತಲೆಕೆಳಗು ಮಾಡಬೇಡಿ. ಕೆಳಗಿನ ಅಂಚಿನಲ್ಲಿ ನಿಂತಿರುವ ನೀರು ಆಗ ಪರದೆಯ ಒಳಕ್ಕೆ ಹರಿಯುತ್ತದೆ. ನಿಂತ ಹಾಗೆಯೇ ಕೆಳಗಿನ ಸಂದಿಗೆ ಒಣ ಬಟ್ಟೆ ಒತ್ತಿ ಹಿಡಿದು ಹೀರಿಸಿ, ಫ್ಯಾನ್ ಹಾಕಿ, ಎರಡು ಮೂರು ದಿನ ಬಿಡಿ. ಮನೆಯವರು ಧಾರಾವಾಹಿ ತಪ್ಪಿತು ಎಂದು ಕೇಳುತ್ತಾರೆ, ಕೇಳಲಿ.

ಹಬ್ಬಕ್ಕೆ ಒರೆಸುವ ಕ್ರಮವನ್ನು ಇಲ್ಲಿಯೇ ಹೇಳುತ್ತೇನೆ. ಪ್ಲಗ್ ತೆಗೆದು, ಪರದೆ ತಣ್ಣಗಾದ ಮೇಲೆ, ಒಣಗಿದ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ಜಿಡ್ಡಿನ ಕಲೆ ಹೋಗದಿದ್ದರೆ ಬಟ್ಟೆಯನ್ನು ಹಿಂಡಿದರೂ ಹನಿ ಬಾರದಷ್ಟು ಮಾತ್ರ ತೇವ ಮಾಡಿ. ಕಿಟಕಿ ಗಾಜು ಒರೆಸುವ ದ್ರಾವಣ, ಸ್ಪಿರಿಟ್ ಪರದೆಗೆ ಬೇಡ, ಮೇಲಿನ ಲೇಪನ ಹೋಗುತ್ತದೆ. ಕುಂಕುಮವನ್ನು ನೀರಲ್ಲಿ ಕಲಸದೆ ಟಿವಿಯ ಕಾಲಿಗೋ ಮೇಜಿಗೋ ಇಡಿ. ಹೂವಾಡಗಿತ್ತಿ ನೀರು ಚಿಮುಕಿಸಿಕೊಟ್ಟ ಸೇವಂತಿಗೆ ಮಾಲೆಯನ್ನು ಕಂಪ್ಯೂಟರಿನ ಗಾಳಿಕಿಂಡಿಯ ಮೇಲೆ ಹಾಕಬೇಡಿ. ತೀರ್ಥ ಪ್ರೋಕ್ಷಣೆ ಪಕ್ಕದ ಗೋಡೆಗೆ ಆಗಲಿ. ಪೂಜೆಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ನೆರೆ ನೀರು ಹೊಕ್ಕ ಮನೆಗಳಿಗೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದ ಬೀದಿಗಳಿಗೆ ನುಗ್ಗಿದಾಗ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದಾಗ ಮನೆಗಳಿಗೆ ಬಂದದ್ದು ಕೆಸರು, ಚರಂಡಿ ಎಲ್ಲ ಸೇರಿದ ನೀರು. ಅದಕ್ಕೆ ಬೇರೆ ಲೆಕ್ಕ. ವಸ್ತುಗಳನ್ನು ಸರಿಸುವ ಮೊದಲು ಪ್ರತಿಯೊಂದರ ಫೋಟೊ, ಹಿಂಬದಿಯ ಸೀರಿಯಲ್ ಸಂಖ್ಯೆ ತೆಗೆದುಕೊಳ್ಳಿ. ವಿಮೆ ಇದ್ದರೆ ರಿಪೇರಿಗೆ ಕೊಡುವ ಮೊದಲೇ ಅವರಿಗೆ ತಿಳಿಸಿ.

ಏನು ಉಳಿಯುತ್ತದೆ? ಫ್ಯಾನ್, ಮಿಕ್ಸಿ, ನೀರಿನ ಪಂಪ್, ವಾಷಿಂಗ್ ಮಷಿನ್‌ನ ಮೋಟರ್‌ಗಳನ್ನು ತೊಳೆದು ಚೆನ್ನಾಗಿ ಒಣಗಿಸಿ, ಎಲೆಕ್ಟ್ರಿಷಿಯನ್ ಮೆಗ್ಗರ್ ಎಂಬ ಅಳತೆ ಯಂತ್ರ ಇಟ್ಟು ಸೋರಿಕೆ ಇಲ್ಲವೆಂದು ಖಚಿತಪಡಿಸಿದರೆ ಬಹುಪಾಲು ಉಳಿಯುತ್ತವೆ. ಫ್ರಿಜ್‌ನ ಕಂಪ್ರೆಸರ್ ಬೆಸುಗೆ ಹಾಕಿ ಮುಚ್ಚಿದ ಗುಂಡು, ಅದರೊಳಗೆ ನೀರು ಹೋಗುವುದಿಲ್ಲ. ಹಾಳಾಗುವುದು ಅದರ ಪಕ್ಕದ, ಅದನ್ನು ಚಾಲೂ ಮಾಡುವ ರಿಲೇ ಮತ್ತು ಬೋರ್ಡ್, ಅವನ್ನು ಬದಲಿಸಬಹುದು. ಪರದೆಯವರೆಗೂ ಕೆಸರಿನಲ್ಲಿ ಮುಳುಗಿದ ಟಿವಿಗೆ ಹಣ ಹಾಕಬೇಡಿ ಎಂದೇ ನನ್ನ ಸಲಹೆ. ನೀರಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿ, ಅದು ಸ್ಕೂಟರಿನದ್ದಾಗಲಿ ಮೊಬೈಲಿನದ್ದಾಗಲಿ, ಚಾರ್ಜಿಗೆ ಹಾಕಬೇಡಿ. ಉಬ್ಬಿದ್ದರೆ ಮನೆಯಿಂದ ಹೊರಗೆ, ಒಣ ಮರಳಿನ ಮೇಲೆ ಇಟ್ಟು ಬ್ಯಾಟರಿ ಸಂಗ್ರಹಿಸುವವರಿಗೆ ಕೊಡಿ.

ಹಾರ್ಡ್ ಡಿಸ್ಕ್ ವಿಷಯ ತಿರುಗುಮುರುಗು. ಮದುವೆಯ ಫೋಟೊ, ಜಮೀನಿನ ದಾಖಲೆ ಇರುವ ಡಿಸ್ಕ್ ನೆರೆಯಲ್ಲಿ ಮುಳುಗಿದ್ದರೆ ಅದನ್ನು ಒಣಗಿಸಲು ಹೋಗಬೇಡಿ. ಒಣಗಿದರೆ ಕೆಸರು ಒಳಗಿನ ತಟ್ಟೆಗೆ ಗಟ್ಟಿಯಾಗಿ ಅಂಟುತ್ತದೆ. ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಾಹಿತಿ ಹೊರತೆಗೆಯುವ ಪರಿಣತರಿಗೆ ತಲುಪಿಸಿ.

ಬೀಳದ ನೀರು

ಮಲೆನಾಡು, ಕರಾವಳಿಯ ಮನೆಗಳಲ್ಲಿ ನೀರು ಬೀಳಬೇಕೆಂದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಉಪ್ಪು ನೀರಾಗುವ, ಚಪ್ಪಲಿಗೆ ಬೂಷ್ಟು ಬರುವ ಮನೆಯಲ್ಲಿ ಬೋರ್ಡ್‌ಗೂ ತೇವ ಹಿಡಿಯುತ್ತದೆ. ಟಿವಿಯನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಮುಚ್ಚಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಸಾಕು. ದಿನಕ್ಕೆ ಒಂದು ಗಂಟೆಯಾದರೂ ಟಿವಿ ಉರಿಸಿ, ಅದರ ಬಿಸಿಯೇ ಒಳಗನ್ನು ಒಣಗಿಸುತ್ತದೆ. ತಿಂಗಳುಗಟ್ಟಲೆ ಊರಿಗೆ ಹೋಗಿ ಬಂದವರು ಬಂದ ದಿನವೇ ಎಲ್ಲ ಸ್ವಿಚ್ ಹಾಕಬೇಡಿ, ಒಂದು ದಿನ ಕಿಟಕಿ ತೆರೆದು ಫ್ಯಾನ್ ಹಾಕಿ. ಕ್ಯಾಮೆರಾ, ಹಳೆಯ ಮೊಬೈಲ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಮೆಲ್ಲನೆಯ ಶಾಖದಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಒಣಗಿಸಬೇಡಿ.

ಹೊರಗೋಡೆಗೆ ಟಿವಿ ಹಾಕಿದವರು ಇರಚಲು ಹೊಡೆಯುವ ಗೋಡೆ ಯಾವುದೆಂದು ನೋಡಿಕೊಳ್ಳಬೇಕು. ಗೋಡೆ ಒಸರುತ್ತಿದ್ದರೆ ಟಿವಿಯ ಹಿಂಬದಿ ನಾಲ್ಕು ತಿಂಗಳು ಆವಿಯಲ್ಲಿ ಕುಳಿತಂತೆ.

ಕೊನೆಯದಾಗಿ ಡಿಶ್ ತಂತಿ. ಮಾಡಿನ ಮೇಲಿನ ಡಿಶ್‌ನಿಂದ ನೇರವಾಗಿ ಇಳಿಜಾರಾಗಿ ಗೋಡೆಯ ತೂತು ಹೊಕ್ಕ ತಂತಿ ಮಳೆಯಲ್ಲಿ ನೀರಿನ ಕಾಲುವೆಯ ಕೆಲಸ ಮಾಡುತ್ತದೆ. ನೀರು ತಂತಿಯ ಮೈಮೇಲೆ ಹರಿದು ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ ಬರುತ್ತದೆ. ಮಾಡು ಸೋರದ ಮನೆಯಲ್ಲೂ ಟಿವಿ ಒದ್ದೆಯಾಗುವುದು ಹೀಗೆ. ತಂತಿ ಗೋಡೆಯನ್ನು ಹೊಕ್ಕುವ ಮೊದಲು ತೂತಿಗಿಂತ ಒಂದು ಗೇಣು ಕೆಳಕ್ಕೆ ಇಳಿದು ಮತ್ತೆ ಮೇಲೇರಿ ಒಳಹೋಗುವಂತೆ ಬಾಗಿಸಿ ಕಟ್ಟಿ. ಹನಿಗಳು ಆ ಬಾಗಿನ ತಳದಲ್ಲೇ ಉದುರಿ ಹೋಗುತ್ತವೆ. ಮೇ ತಿಂಗಳ ಒಂದು ಮಧ್ಯಾಹ್ನ, ಒಂದು ಏಣಿ, ಒಂದು ತುಂಡು ದಾರ, ಇಷ್ಟೇ ಬೇಕಾಗುವುದು.